ಚೀಟಿಯಲ್ಲಿದ್ದ ಮಾತು, ನಾನು ಹೇಳಿದ ಮಾತು

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಯಲಹಂಕದ ಕಡೆಯ ಒಂದು ಕ್ಷಯದ ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿಗೆ ರೆಕಾರ್ಡು ಬರೆಯುವವಳಾಗಿ ಸೇರಿ, ಅಲ್ಲೇ ತಲೆ ನರೆಸಿಕೊಂಡು ನಿವೃತ್ತಳಾದವಳು. ಬಡ್ತಿ ಎರಡು ಸಲ ಬಂತು, ಮೇಜು ಒಂದು ಸಲ ಬದಲಾಯಿತು. ಆ ಕಥೆ ಯಾರಿಗೂ ಬೇಡ. ಈಗ ಆಸ್ಪತ್ರೆಗಳಲ್ಲಿ ಗಾಜಿನ ಹಿಂದೆ ಕೂತು ರೋಗಿಗಳ ಕೈಗೆ ಕಾಗದ ಕೊಡುವ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಬೇಕಿದೆ, ಅದಕ್ಕೆ ಇಷ್ಟು ಬರೆಯುತ್ತಿದ್ದೇನೆ. ಕಾಗದ ಕೊಡುವುದು ಸಣ್ಣ ಕೆಲಸ ಅಂದುಕೊಳ್ಳಬೇಡಿ. ನಾನು ಅಂದುಕೊಂಡಿದ್ದೆ.

ಐವತ್ತರ ದಶಕದ ನಡುವಿನ ಮಾತು. ಯಶವಂತಪುರದಿಂದ ಬಸ್ಸು ಹಿಡಿದು, ಇಳಿದ ಮೇಲೆ ಮುಕ್ಕಾಲು ಮೈಲಿ ನಡೆದರೆ ಆಸ್ಪತ್ರೆ. ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ದ್ರಾಕ್ಷಿ ಚಪ್ಪರ. ಜಕ್ಕೂರಿನಿಂದ ಎದ್ದ ಪುಟ್ಟ ವಿಮಾನ ತಲೆಯ ಮೇಲೆ ಗುರ್‍ ಅಂದರೆ ವಾರ್ಡಿನ ಹೆಂಗಸರೆಲ್ಲ ಮಂಚದ ಮೇಲೇ ಕತ್ತೆತ್ತಿ ನೋಡುತ್ತಿದ್ದರು. ಗಾಳಿ ಎಷ್ಟು ಚೆನ್ನಾಗಿತ್ತೆಂದರೆ, ಔಷಧಿ ಕಮ್ಮಿಯಿದ್ದ ಕಾಲದಲ್ಲಿ ಗಾಳಿಯನ್ನೇ ಔಷಧಿ ಅಂತ ಚೀಟಿಯಲ್ಲಿ ಬರೆಯುತ್ತಿದ್ದರು.

ದೊಡ್ಡ ಡಾಕ್ಟರು ಸದಾಶಿವಯ್ಯನವರು ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ. “‘ಡಿಸೀಸ್’ಗೂ ‘ಇಲ್‌ನೆಸ್’ಗೂ ಏನಮ್ಮಾ ವ್ಯತ್ಯಾಸ?”

“ಎರಡೂ ಕಾಯಿಲೆಯೇ ಸಾರ್,” ಅಂದೆ.

“ಡಿಸೀಸ್ ಎಕ್ಸ್‌ರೇ ಪ್ಲೇಟಲ್ಲಿ ಕಾಣುತ್ತೆ. ಇಲ್‌ನೆಸ್ ಆ ಹೆಂಗಸಿನ ಮುಖದಲ್ಲಿ ಕಾಣುತ್ತೆ. ಮೊದಲನೇದನ್ನ ನೀವು ಅವರಿಗೆ ಹೇಳ್ಬೇಕು, ಎರಡನೇದನ್ನ ನನಗೆ ಹೇಳ್ಬೇಕು. ಅಷ್ಟೇ ಕೆಲಸ. ನಾಳೆಯಿಂದ ಬನ್ನಿ.”

ಅಷ್ಟೇ ಕೆಲಸವಂತೆ! ಡಾಕ್ಟರು ಮೈಸೂರಿನವರು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಗಂಡಸು ಬಂದು ನಿಂತರೆ ನಮ್ಮ ಹಳ್ಳಿ ಹೆಂಗಸರು ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ನಾನು ಮಂಚ ಮಂಚಕ್ಕೂ ಹೋಗಿ ವಿಚಾರಿಸಿ, ಇಂಗ್ಲಿಷಿನಲ್ಲಿ ಬರೆದು ಅವರ ಮೇಜಿನ ಮೇಲಿಡಬೇಕು.

ಸೇರಿದ ತಿಂಗಳೊಳಗೇ ಎಡವಿದೆ. ಶೆಟ್ಟಿಹಳ್ಳಿಯ ನಂಜಮ್ಮಜ್ಜಿ ಅಂತ ಒಬ್ಬಾಕೆ. “ನಿನ್ನೆ ಸುಸ್ತಾಗಿ ಬಿದ್ಕಂಡ್ಬುಟ್ಟೆ ಕಣವ್ವ,” ಅಂದಳು. ನಾನು ದೊಡ್ಡ ಇಂಗ್ಲಿಷು ಬಲ್ಲವಳಂತೆ ‘ಕೊಲ್ಯಾಪ್ಸ್’ ಅಂತ ಬರೆದೆ. ಅಜ್ಜಿಗೆ ಹತ್ತು ದಿನ ಮಂಚ ಬಿಟ್ಟು ಇಳಿಯಬಾರದೆಂದು ಆರ್ಡರಾಯಿತು, ಕಾಫಿ ನಿಂತಿತು, ಮಗಳ ಮನೆಯ ನಾಮಕರಣಕ್ಕೆ ಕೊಟ್ಟಿದ್ದ ರಜೆಯೂ ಹೋಯಿತು. ಪಾಪ, ಆಕೆ ಊಟ ಮಾಡಿ ಒಂದು ಗಳಿಗೆ ಅಡ್ಡಾಗಿದ್ದಳು, ಅಷ್ಟೇ! ಡಾಕ್ಟರು ನನ್ನನ್ನು ಕೂರಿಸಿಕೊಂಡು, ದಣಿದವಳು ‘ಟೈರ್ಡ್’, ಶಕ್ತಿ ಉಡುಗಿದವಳು ‘ವೀಕ್’, ಕಣ್ಣು ಕತ್ತಲೆ ಬಂದವಳು ‘ಫೇಂಟ್’, ಕುಸಿದವಳು ಮಾತ್ರ ‘ಕೊಲ್ಯಾಪ್ಸ್’ ಅಂತ ಬಿಡಿಸಿ ಹೇಳಿದರು. ಅಜ್ಜಿಯಂತೂ ಮುಂದಿನ ಮೂರು ತಿಂಗಳು ನಾನು ಹತ್ತಿರ ಹೋದರೆ “ಬಂದ್ಳಪ್ಪ, ನಾನೆಂಗವ್ನಿ ಅಂತ ನಂಗೇ ಯೋಳ್ಕೊಡೋಳು” ಅಂತ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು.

ಆಮೇಲೆ ಹುಷಾರಾದೆ. ನೋವೆಂದರೆ ನಮ್ಮ ಹೆಂಗಸರು ಎಷ್ಟು ಬಗೆ ಹೇಳುತ್ತಿದ್ದರು! ಸೆಳೆತ, ಹಿಡಿತ, ಚಳುಕು, ಉರಿ, ಚುಚ್ಚು. ಇಂಗ್ಲಿಷಿನಲ್ಲೂ ಹುಡುಕಿದರೆ ಸಿಗುತ್ತಿತ್ತು. ಎದೆಯಲ್ಲಿ ಚುಚ್ಚಿದರೆ ‘ಪೇನ್’, ಬೆನ್ನು ದಿನವಿಡೀ ಎಳೆಯುತ್ತಿದ್ದರೆ ‘ಏಕ್’, ಇಂಜೆಕ್ಷನ್ ಚುಚ್ಚಿದ ತೊಡೆ ಮುಟ್ಟಿದರೆ ಅಯ್ಯೋ ಅನ್ನುವುದು ‘ಸೋರ್’. ಮೇಟ್ರನ್ ಗ್ರೇಸಮ್ಮನವರಿಗೂ ಮಾತಿನ ಹುಚ್ಚಿತ್ತು. ಹಳೆಯ ರಿಜಿಸ್ಟರಿನ ಮೇಲೆ ‘ಇನ್‌ಮೇಟ್ಸ್’ ಅಂತ ಅಚ್ಚಾಗಿತ್ತು. ಅವರು ಕೆಂಪು ಶಾಯಿಯಲ್ಲಿ ಗೀಟೆಳೆದು ‘ಪೇಷೆಂಟ್ಸ್’ ಅಂತ ಬರೆದರು. “ಇನ್‌ಮೇಟ್ ಜೈಲಲ್ಲೂ ಇರ್ತಾನೆ ಕಮಲಾ. ಪೇಷೆಂಟ್ ಅಂದ್ರೆ ಮನೆಗೆ ಹೋಗೋಳು,” ಅಂದರು. ಇಡೀ ರಿಜಿಸ್ಟರು, ಪುಟ ಪುಟಕ್ಕೂ, ನನ್ನ ಕೈಯಲ್ಲೇ ತಿದ್ದಿಸಿದರು.

ಮನೆಗೆ ಹೋಗುವುದೇ ಅಲ್ಲಿನ ದೊಡ್ಡ ಸಂಗತಿ. ಬಿಡುಗಡೆಯ ದಿನ ನಮ್ಮಲ್ಲೊಂದು ಪದ್ಧತಿಯಿತ್ತು. ಹೊರಡುವವಳು ತಲೆ ಬಾಚಿ, ಹೂ ಮುಡಿದು, ಟ್ರಂಕು ಹಿಡಿದು ಜಗಲಿಗೆ ಬರುತ್ತಿದ್ದಳು. ಮನೆಯವರು ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದರು. ನಾನು ಡಾಕ್ಟರು ಬರೆದ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಓದಿ ಹೇಳಬೇಕು. ಅದಕ್ಕೇ ನನಗೆ ಚೀಟಿ ಕಮಲಮ್ಮ ಅಂತ ಹೆಸರು. ಚೀಟಿಯ ಕೊನೆಯ ಸಾಲಿನಲ್ಲಿ, ಬಿಡುಗಡೆಯ ವೇಳೆ ಕಾಯಿಲೆಯ ಸ್ಥಿತಿ ಏನೆಂದು ಒಂದೇ ಒಂದು ಪದವಿರುತ್ತಿತ್ತು. ‘ಇಂಪ್ರೂವ್ಡ್’ ಅಂದರೆ ಮೊದಲಿಗಿಂತ ಮೇಲು. ‘ಕ್ವಯೆಸೆಂಟ್’ ಅಂದರೆ ಕಾಯಿಲೆ ಒಳಗಿದೆ, ಆದರೆ ಸದ್ಯಕ್ಕೆ ಸದ್ದಿಲ್ಲ. ‘ಅರೆಸ್ಟೆಡ್’ ಅಂದರೆ ಬಹಳ ಕಾಲದಿಂದ ಅಲ್ಲಾಡಿಲ್ಲ. ‘ಕ್ಯೂರ್ಡ್’ ಅಂದರೆ ಹೋಗೇ ಹೋಯಿತು. ಈ ಕೊನೆಯ ಪದವನ್ನು ಡಾಕ್ಟರು ಬರೆಯುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಸಲ.

ನಾನು ಮೊದಮೊದಲು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದೆ. ರತ್ನ ಅಂತ ಒಬ್ಬಳಿದ್ದಳು, ಮದುವೆಯಾಗಿ ಎರಡೇ ವರ್ಷ. ಅವಳ ಚೀಟಿಯಲ್ಲಿ ‘ಇಂಪ್ರೂವ್ಡ್’ ಅಂತಿತ್ತು. “ಮೊದಲಿಗಿಂತ ಮೇಲು. ಪೂರ್ತಿ ವಾಸಿಯಾಗಿಲ್ಲ, ಮನೆಯಲ್ಲೇ ಔಷಧಿ ಕೊಡಬೇಕು,” ಅಂತ ಓದಿದೆ. ಗಂಡನ ಮನೆಯವರು ಮುಖ ಮುಖ ನೋಡಿಕೊಂಡರು. ಗಾಡಿ ತರುತ್ತೇವೆಂದು ಹೋದರು. ರತ್ನ ಟ್ರಂಕಿನ ಮೇಲೆ ಸಂಜೆಯವರೆಗೆ ಕೂತಿದ್ದಳು, ತಲೆಯ ಹೂ ಬಾಡಿತು, ಗಾಡಿ ಬರಲಿಲ್ಲ. ಆರು ತಿಂಗಳಲ್ಲಿ ಆ ಗಂಡನಿಗೆ ಇನ್ನೊಂದು ಮದುವೆಯಾಯಿತೆಂದು ಸುದ್ದಿ ಬಂತು. ರತ್ನ ನಮ್ಮಲ್ಲೇ ಗುಣವಾಗಿ ವಾರ್ಡಿನ ಆಯಾ ಆಗಿ ಉಳಿದಳು.

ಸುಡುಗಾಡು ಚೀಟಿ, ಇನ್ನು ಮೇಲೆ ಯಾವ ಹೆಂಗಸಿನ ಸಂಸಾರವನ್ನೂ ನನ್ನ ಬಾಯಿಂದ ಮುರಿಯುವುದಿಲ್ಲ ಅಂತ ಗಾಡಿ ಬಾರದ ಆ ಸಂಜೆಯೇ ನಿಶ್ಚಯಿಸಿದೆ. ಅಲ್ಲಿಂದ ಮುಂದೆ ಚೀಟಿಯಲ್ಲಿ ಯಾವ ಪದವೇ ಇರಲಿ, ನನ್ನ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: “ವಾಸಿಯಾಗಿದೆ, ಕರಕೊಂಡು ಹೋಗಿ.” ಗಾಡಿಗಳು ಬಂದವು. ಹೆಂಗಸರು ನನ್ನ ಕೈ ಹಿಡಿದು ಅತ್ತು ಹೋಗುತ್ತಿದ್ದರು. ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆಂದೇ ತಿಳಿದಿದ್ದೆ.

ಚಿಕ್ಕಜಾಲದ ಚೆನ್ನಮ್ಮ ಬಂದದ್ದು ಆ ಕಾಲದಲ್ಲಿ. ಗಂಡ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುತ್ತಿದ್ದ, ಅತ್ತೆ ಮುನಿಯಮ್ಮ ಮನೆಯ ಯಜಮಾನಿಕೆ ನೋಡುತ್ತಿದ್ದಳು. ಚೆನ್ನಮ್ಮನಿಗೆ ಮೂರು ವರ್ಷದ ಮಗಳು ಲಕ್ಷ್ಮಿ. ಮಕ್ಕಳನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಭಾನುವಾರ ಮುನಿಯಮ್ಮ ಬೇಲಿಯಾಚೆ ಸೀಬೆ ಮರದ ಕೆಳಗೆ ಮಗುವನ್ನೆತ್ತಿ ತೋರಿಸುತ್ತಿದ್ದಳು, ಚೆನ್ನಮ್ಮ ಜಗಲಿಯ ಕಂಬ ಹಿಡಿದು ನೋಡುತ್ತಿದ್ದಳು. ಒಂದು ದಿನ ಆ ಅತ್ತೆ ನನ್ನನ್ನು ಗೇಟಿನ ಹತ್ತಿರ ಕರೆದು ನೇರವಾಗಿ ಕೇಳಿದಳು. “ಏನ್ ಸಮಾಚಾರ ಯೋಳ್ರವ್ವ, ಇವ್ಳು ಉಳೀತಾಳಾ? ಇಲ್ಲಾಂದ್ರೆ ನಾವು ಇನ್ನೊಂದ್ ಎಣ್ಣು ನೋಡ್ಬೇಕಾಯ್ತದೆ.” ನನ್ನ ಕಣ್ಣ ಮುಂದೆ ರತ್ನನ ಟ್ರಂಕು ಬಂತು.

ಹದಿನಾಲ್ಕು ತಿಂಗಳಾದ ಮೇಲೆ ಚೆನ್ನಮ್ಮನ ಚೀಟಿ ಬಂತು. ‘ಕ್ವಯೆಸೆಂಟ್’. ಇನ್ನೂ ಒಂದು ವರ್ಷ ಮಾತ್ರೆ ನಡೆಯಬೇಕು. ನಾನು ಜಗಲಿಯಲ್ಲಿ ನಿಂತು ಗಂಟೆ ಬಾರಿಸಿದ ಹಾಗೆ ಹೇಳಿದೆ: “ವಾಸಿಯಾಗಿದೆ!” ಮಾತ್ರೆಯ ಮಾತನ್ನು ಕೊನೆಗೆ, ಗಾಡಿ ಹೊರಡುವಾಗ, ಸಣ್ಣ ದನಿಯಲ್ಲಿ ಸೇರಿಸಿದೆ. ಚೆನ್ನಮ್ಮ ಮಗಳನ್ನು ಎದೆಗವಚಿಕೊಂಡು ಗಾಡಿ ಹತ್ತಿದಳು.

ಎಂಟು ತಿಂಗಳಿಗೆ ಅದೇ ಗಾಡಿಯಲ್ಲಿ ಅವಳನ್ನು ಮಲಗಿಸಿಕೊಂಡು ತಂದರು. ಸೆರಗಿನಲ್ಲಿ ರಕ್ತ. ಮೊದಲು ಒಂದು ಶ್ವಾಸಕೋಶದಲ್ಲಿದ್ದದ್ದು ಈಗ ಎರಡರಲ್ಲೂ ಇತ್ತು. ಮಗುವಿನ ಎಕ್ಸ್‌ರೇ ತೆಗೆಸಿ, ಆ ಪ್ಲೇಟು ಒಣಗಿ ಬರುವವರೆಗೆ ನಾನು ಹೊತ್ತ ಹರಕೆ ಒಂದೆರಡಲ್ಲ. ದೇವರ ದಯೆ, ಮಗು ಚೆನ್ನಾಗಿತ್ತು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಚೆನ್ನಮ್ಮ ಒಂದು ಬಟ್ಟೆಯ ಗಂಟನ್ನು ನನ್ನ ಕೈಗಿಟ್ಟಳು. ಬಿಚ್ಚಿದರೆ ಒಳಗೆ ನಾವು ಕೊಟ್ಟ ಮಾತ್ರೆಯ ಪೊಟ್ಟಣಗಳು, ಎಲ್ಲ ಹಾಗೇ. “ವಾಸಿಯಾದೋಳು ಯಾಕ್ ತಿನ್ಬೇಕು ಅಂತ ಎತ್ತಿಮಡಗಿದ್ದೆ ಕಣವ್ವ. ಬ್ಯಾರೆ ಯಾರಾದ್ರೂ ಕಾಯ್ಲೆಯೋರ್ಗೆ ಆಯ್ತದೆ, ತಗಳಿ,” ಅಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಡಾಕ್ಟರು ಕರೆಸಿದರು. ಹಳೆಯ ಚೀಟಿಯ ನಕಲು ಮೇಜಿನ ಮೇಲಿತ್ತು. “ಇದನ್ನ ಏನಂತ ಹೇಳಿದ್ರಿ?”

“ವಾಸಿ ಅಂತ ಸಾರ್. ಕನ್ನಡದಲ್ಲಿ ವಾಸಿ ಅಂದ್ರೆ ಮೊದಲಿಗಿಂತ ಮೇಲು ಅಂತಾನೂ ಅರ್ಥ ಇದೆ...”

“ಕಮಲಮ್ಮ,” ಅವರು ದನಿ ಏರಿಸಲಿಲ್ಲ, “ಅವಳಿಗೆ ಏನು ಕೇಳಿಸುತ್ತೆ ಅಂತ ನಿಮಗೆ ಗೊತ್ತಿತ್ತು. ನಿಘಂಟು ತರಬೇಡಿ.”

ಅಳು ತಡೆಯಲಾರದೆ ರತ್ನನ ಗಾಡಿಯ ಕಥೆ ಹೇಳಿದೆ. ಅವರು ಚೀಟಿಯ ನಕಲನ್ನು ಮಡಿಸಿ ಪಕ್ಕಕ್ಕಿಟ್ಟರು. ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡೆ. “ಆ ನಾಲ್ಕು ಪದ ನಾನು ಇಂಗ್ಲಿಷಲ್ಲಿ ಬರೆದು ಕೈ ತೊಳ್ಕೋತೀನಿ. ನೀವು ಅದಕ್ಕೆ ಕನ್ನಡ ಹುಡುಕಿ. ಹಳ್ಳಿಯವರಿಗೆ ಅರ್ಥ ಆಗಲ್ಲ ಅಂತ ಮಾತ್ರ ನನ್ನ ಹತ್ರ ಬರಬೇಡಿ,” ಅಂದರು.

ಹಾಗೆಂದರೂ ನನ್ನ ಮನಸ್ಸಿನಲ್ಲಿದ್ದುದು ಅದೇ, ಇವರಿಗೆ ಅರ್ಥವಾಗುವುದಿಲ್ಲ ಅನ್ನುವುದು. ಮಾರನೆಯ ದಿನ ಚೆನ್ನಮ್ಮನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು ತಪ್ಪೊಪ್ಪಿಕೊಂಡೆ. ಚೀಟಿಯಲ್ಲಿ ವಾಸಿ ಅಂತ ಇರಲಿಲ್ಲ. ಕಾಯಿಲೆ ಒಳಗೇ ಇದೆ, ಮೇಲೆ ಕಾಣುವುದಿಲ್ಲ, ಬಿಟ್ಟರೆ ಮತ್ತೆ ಏಳುತ್ತದೆ ಅಂತ ಇತ್ತು ಅಂದೆ. ಅವಳು ಛಾವಣಿ ನೋಡಿಕೊಂಡೇ ಇದ್ದಳು.

“ಬೂದಿ ಮುಚ್ಚಿದ ಕೆಂಡ ಅನ್ನಿ,” ಅಂದಳು ಕೊನೆಗೆ.

“ಹೂಂ ಕಣೇ. ಅದೇ.”

“ಅವತ್ತೇ ಇಂಗಂತ ಯೋಳಿದ್ರೆ ನಂಗೆ ತಿಳೀತಿರ್ಲಿಲ್ವಾ? ದಿನಾ ಒಲೆ ಮುಂದೆ ಕೂರೋಳು ನಾನು. ಬೂದಿ ಮುಚ್ಚಿದ್ ಕೆಂಡನ ಮನೇಲಿ ಬುಟ್ಟು ಯಾರಾದ್ರೂ ಮೈಮರೀತಾರಾ?” ಆಮೇಲೆ ಗೋಡೆ ಕಡೆ ಹೊರಳಿ, “ಎಂಟು ತಿಂಗ್ಳು ನನ್ ಮಗೀನ ಪಕ್ಕದಾಗೇ ಮಲಗಿಸ್ಕಂಡಿದ್ನಲ್ಲವ್ವಾ,” ಅಂದಳು.

ಮೂವತ್ತು ವರ್ಷ ಕೆಲಸ ಮಾಡಿದೆ, ಬೈಗುಳ ಬೇಕಾದಷ್ಟು ತಿಂದಿದ್ದೇನೆ. ಆ ಮಾತಿನಷ್ಟು ಯಾವುದೂ ನನಗೆ ನಾಟಲಿಲ್ಲ.

ಪದ ಹುಡುಕುವ ಕೆಲಸ ವಾರ್ಡಿನಲ್ಲೇ ನಡೆಯಿತು. ಮಧ್ಯಾಹ್ನ ಎಲ್ಲರೂ ಕಡ್ಡಾಯವಾಗಿ ಮಲಗಬೇಕಾದ ಎರಡು ಗಂಟೆಯಲ್ಲಿ ಒಬ್ಬರೂ ಮಲಗುತ್ತಿರಲಿಲ್ಲ. ‘ಇಂಪ್ರೂವ್ಡ್’ಗೆ “ಅಗುರಾಗಿ ಅದೆ ಅನ್ನಿ” ಅಂದಳು ಅಟ್ಟೂರಿನವಳೊಬ್ಬಳು. ‘ಕ್ವಯೆಸೆಂಟ್’ ಕೆಂಡವಾಯಿತು. ‘ಅರೆಸ್ಟೆಡ್’ಗೆ ಬಹಳ ಜಗಳವಾಯಿತು. ಕೊನೆಗೆ, ಎರಡನೆಯ ಸಲ ಬಂದು ಸೇರಿದ್ದ ಅದೇ ಶೆಟ್ಟಿಹಳ್ಳಿಯ ನಂಜಮ್ಮಜ್ಜಿ ಮುಸುಕಿನೊಳಗಿಂದಲೇ, “ಹಾಯೋ ಎತ್ತನ್ನ ಕಟ್ಟಾಕಿದಂಗೆ. ಎತ್ತು ಬದ್ಕೇ ಅದೆ, ಅಗ್ಗ ಬುಡಬಾರ್ದು,” ಅಂತ ತೀರ್ಪು ಕೊಟ್ಟಳು. ವಾಸಿ ಅನ್ನುವ ಮಾತನ್ನು ‘ಕ್ಯೂರ್ಡ್’ ಒಂದಕ್ಕೇ ಎತ್ತಿಟ್ಟೆವು. ಡಾಕ್ಟರು ಪಟ್ಟಿ ಓದಿ, “ನನ್ನ ಪ್ರೊಫೆಸರಿಗೂ ಇಷ್ಟು ಸ್ಪಷ್ಟ ಇರಲಿಲ್ಲ,” ಅಂತ ನಕ್ಕು ಮೇಜಿನ ಗಾಜಿನ ಕೆಳಗಿಟ್ಟುಕೊಂಡರು.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗುತ್ತ ಬಂದಿತ್ತು. ನಾನು ಸೇರಿದಾಗ ಮಂಗಳವಾರಗಳಂದು ಪಕ್ಕೆಗೆ ಸೂಜಿ ಹಾಕಿ ಗಾಳಿ ತುಂಬಿ, ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡುತ್ತಿದ್ದರು. ಆ ಸೂಜಿ ಕಬೋರ್ಡು ಸೇರಿತು. ವಾಕರಿಕೆ ಬರಿಸುವ ದಪ್ಪ ಗುಳಿಗೆಗಳನ್ನು ಹೆಂಗಸರು ಕ್ರೋಟನ್ ಗಿಡಗಳ ಬುಡಕ್ಕೆ ಎಸೆದು ಸಿಕ್ಕಿಬೀಳುತ್ತಿದ್ದರು. ಆ ಗುಳಿಗೆಯ ಜೊತೆಗೆ ಈಗ ಪುಟ್ಟ ಬಿಳಿ ಮಾತ್ರೆ ಬಂತು. ಅರವತ್ತರ ದಶಕ ಬಂದಂತೆ, ಸ್ವಲ್ಪ ಗುಣವಾದವರನ್ನು ಮನೆಯಲ್ಲೇ ಇಟ್ಟು ಔಷಧಿ ಕೊಡುವುದು ಶುರುವಾಯಿತು. ತಗಡಿನ ಪೆಟ್ಟಿಗೆ ಹಿಡಿದು ಮನೆ ಮನೆಗೆ ಹೋಗಿ ನೋಡಿ ಬರುವ ಕೆಲಸವೂ ನನ್ನ ತಲೆಗೆ ಬಿತ್ತು.

ಚೆನ್ನಮ್ಮನ ಎರಡನೆಯ ವಾಸ ಎರಡು ವರ್ಷ. ಈ ಸಲ ಮುನಿಯಮ್ಮ ಮಗುವನ್ನು ಬೇಲಿಯ ಹತ್ತಿರಕ್ಕೂ ತರಲಿಲ್ಲ. ಲಕ್ಷ್ಮಿಗೆ ಏಳು ತುಂಬುತ್ತ ಬಂದಿತ್ತು. ಈ ಸಲದ ಚೀಟಿಯಲ್ಲಿ ‘ಅರೆಸ್ಟೆಡ್’ ಅಂತಿತ್ತು. ಚೀಟಿ ಹಿಡಿದು ಜಗಲಿಗೆ ಬಂದೆ. ಮೆಟ್ಟಿಲ ಕೆಳಗೆ ಮುನಿಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಗಂಡ ಗಾಡಿಯ ಹತ್ತಿರ, ನೊಗ ಹಿಡಿದುಕೊಂಡು. ಎರಡನೆಯ ಹೆಣ್ಣಿನ ಮಾತು ಮತ್ತೆ ಎದ್ದಿದೆ ಅಂತ ಚೆನ್ನಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದೇ ಒಂದು ಸಲ, ಇದೊಂದೇ ಸಲ ವಾಸಿ ಅಂದುಬಿಡಲೇ ಅನ್ನಿಸಿತು.

ರತ್ನ ಟ್ರಂಕು ಹೊತ್ತುಕೊಂಡು ಬಂದವಳು ನನ್ನ ಪಕ್ಕ ನಿಂತಳು. ಮನಸ್ಸು ಓದಿದವಳಂತೆ ಮೆಲ್ಲಗೆ, “ನನ್ ಗಾಡಿ ಬರ್ಲಿಲ್ಲ ಅನ್ನೋದಕ್ಕೆ ಇವಳಿಗೆ ಸುಳ್ಳು ಹೇಳ್ಬೇಡಿ ಅಕ್ಕಾ,” ಅಂದಳು.

ಹೇಳಿದೆ. “ವಾಸಿಯಾಗಿಲ್ಲ ಮುನಿಯಮ್ಮ. ಕಟ್ಟಿಹಾಕಿದೀವಿ. ಹಾಯೋ ಎತ್ತು ಇದ್ದ ಹಾಗೆ. ದಿನಾ ಮಾತ್ರೆ ಕೊಡೋದೇ ಹಗ್ಗ. ಬಿಟ್ರೆ ಮತ್ತೆ ಹಾಯುತ್ತೆ.”

ಮುನಿಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಓದ್ಸಲ ವಾಸಿ ಅಂದ್ರಿ.”

“ತಪ್ಪು ಹೇಳಿದೆ. ನನ್ನ ತಪ್ಪು.”

ಕಿಟಕಿಗಳಲ್ಲಿ ವಾರ್ಡಿನವರ ಮುಖಗಳೆಲ್ಲ ಸೇರಿದ್ದವು. ಮುದುಕಿ ಚೆನ್ನಮ್ಮನ ಕಡೆ ನೋಡಿದಳು, ಗಾಡಿಯ ಕಡೆ ನೋಡಿದಳು.

“ಅಗ್ಗ ಎಷ್ಟ್ ದಿನ ಇಡ್ಕಬೇಕು?”

“ಒಂದೂವರೆ ವರ್ಷ. ಒಂದು ದಿನಾನೂ ತಪ್ಪಬಾರದು.”

“ಅಷ್ಟೇನಾ? ಇದನ್ನ ಅವತ್ತೇ ಯೋಳ್ಬಾರ್ದಾಗಿತ್ತಾ ನಿಮ್ಮೊಟ್ಟೆ ತಣ್ಣಗಿರ. ಇಡ್ಕತೀನಿ ಬುಡಿ.” ಟ್ರಂಕನ್ನು ರತ್ನನ ಕೈಯಿಂದ ಕಿತ್ತುಕೊಂಡು ತಾನೇ ಗಾಡಿಗೆ ಎಸೆದಳು.

ಚೆನ್ನಮ್ಮ ಮಗಳ ಕಡೆ ಕೈ ಚಾಚಿದಳು. ಲಕ್ಷ್ಮಿ ಹಿಂದೆ ಸರಿದು ಅಜ್ಜಿಯ ಸೀರೆ ಹಿಡಿದುಕೊಂಡು, “ಅವ್ವಾ, ಇದ್ಯಾರು?” ಅಂತ ಅಜ್ಜಿಯನ್ನೇ ಕೇಳಿತು. ಚೆನ್ನಮ್ಮನ ಕೈ ಹಾಗೇ ನಿಂತಿತು. ಆ ಎರಡು ವರ್ಷವನ್ನು ನಾನು ಅವಳಿಂದ ಕಿತ್ತುಕೊಂಡಿದ್ದೆ. ದಯೆ ತೋರಿಸಿ ಕಿತ್ತುಕೊಂಡಿದ್ದೆ. ಗಾಡಿ ತಿರುವು ದಾಟುವವರೆಗೆ ಅಲ್ಲೇ ನಿಂತಿದ್ದೆ.

ತಿಂಗಳಿಗೊಮ್ಮೆ ಪೆಟ್ಟಿಗೆ ಹಿಡಿದು ಚಿಕ್ಕಜಾಲಕ್ಕೆ ಹೋಗುತ್ತಿದ್ದೆ. ಮೊದಲ ಸಲವೇ ಮುನಿಯಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹೊಗೆ ಹಿಡಿದ ಕಪ್ಪು ಗೋಡೆ ತೋರಿಸಿದಳು. ಅದರ ಮೇಲೆ ಸಾಲಾಗಿ ಸುಣ್ಣದ ಬೊಟ್ಟುಗಳು. ಸೊಸೆ ಎದುರಿಗೆ ಮಾತ್ರೆ ನುಂಗಿದ ಮೇಲೆ ದಿನಕ್ಕೊಂದು ಬೊಟ್ಟು. “ಬರಿಯೋಕೆ ಬರಾಕಿಲ್ಲ, ಇಕ್ಕೋಕೆ ಬತ್ತದೆ. ನೋಡ್ಕಳಿ ನಿಮ್ ಲೆಕ್ಕ,” ಅಂದಳು. ಹೋದಾಗಲೆಲ್ಲ ಸಾಲು ಬೆಳೆದಿರುತ್ತಿತ್ತು. ಲಕ್ಷ್ಮಿ ನಿಧಾನಕ್ಕೆ ಚೆನ್ನಮ್ಮನ ಪಕ್ಕ ಬಂದು ಕೂರತೊಡಗಿದಳು, ಆಮೇಲೆ ಬೊಟ್ಟಿಡುವ ಕೆಲಸವನ್ನೇ ಅಜ್ಜಿಯಿಂದ ವಹಿಸಿಕೊಂಡಳು. ಹಬ್ಬಕ್ಕೆ ಊರೆಲ್ಲ ಮನೆ ಬಳಿದರೂ ಆ ಅಡುಗೆಮನೆಗೆ ಮಾತ್ರ ಸುಣ್ಣ ಕಾಣಿಸಲಿಲ್ಲ. ಒಂದೂವರೆ ವರ್ಷ ಮುಗಿದು ಮಾತ್ರೆ ನಿಂತ ಮೇಲೂ ಮುನಿಯಮ್ಮ ಗೋಡೆ ಮುಟ್ಟಗೊಡಲಿಲ್ಲ.

ಇನ್ನೂ ಮೂರು ವರ್ಷ, ಆರಾರು ತಿಂಗಳಿಗೆ ಪ್ಲೇಟು, ಕಫದ ಪರೀಕ್ಷೆ. ಕೊನೆಗೊಂದು ಬೆಳಿಗ್ಗೆ ಡಾಕ್ಟರು ಚೀಟಿ ಬರೆದು ನನ್ನ ಕಡೆ ತಳ್ಳಿದರು. ‘ಕ್ಯೂರ್ಡ್’.

ಜಗಲಿಗೆ ಓಡಿದೆ. ಅತ್ತೆ, ಸೊಸೆ, ಮೊಮ್ಮಗಳು ಮೂವರೂ ಬಂದಿದ್ದರು. ಲಕ್ಷ್ಮಿ ಲಂಗದಾವಣಿಗೆ ಬಂದಿದ್ದಳು, ಅಮ್ಮನ ಕೈ ಹಿಡಿದು ನಿಂತಿದ್ದಳು. ಅಷ್ಟು ವರ್ಷ ಎತ್ತಿಟ್ಟಿದ್ದ ಮಾತು. ಹೇಳಿದೆ. “ಚೆನ್ನಮ್ಮ, ವಾಸಿಯಾಗಿದೆ.”

ಚೆನ್ನಮ್ಮ ನಗಲಿಲ್ಲ. ನನ್ನ ಮುಖವನ್ನೇ ದಿಟ್ಟಿಸಿದಳು. “ಯಾವ ವಾಸಿ ಕಣವ್ವ? ಅವತ್ತು ಅಂದ್ರಲ್ಲ, ಅದೇನಾ?”

ಅವಳು ಕೇಳಿದ್ದು ನ್ಯಾಯವಾಗಿತ್ತು. ಚೀಟಿ ಮಡಿಸಿ ಅವಳ ಕೈಯಲ್ಲಿಟ್ಟೆ. “ಬೂದಿ ಕೆದಕಿ ನೋಡಿದೀವಿ ಕಣೇ. ತಣ್ಣಗಿದೆ.”

ಅವಳು ಮೆಟ್ಟಿಲ ಮೇಲೆ ಕುಸಿದು ಕೂತು, ಮಗಳ ಹೊಟ್ಟೆಗೆ ಮುಖವೊತ್ತಿಕೊಂಡು ಅತ್ತಳು. ಮುನಿಯಮ್ಮ ಸೊಸೆಯ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟಿದ್ದು, ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು ನನ್ನ ಕಡೆ ತಿರುಗಿದಳು.

“ಅಂಗಾದ್ರೆ,” ಅಂದಳು, “ಈ ಉಗಾದಿಗೆ ಗೋಡೆಗೆ ಸುಣ್ಣ ಒಡೀಬೋದು.”